ಲೇಸರಿನಲ್ಲಿ ಮೂಡಿದ ಮೂಗು

ಕೈ ಆಡಿದ ಕ್ಷಣವೇ ಬೆಳಕೂ ಆಡಬೇಕು; ನಡುವೆ ಕಣ್ಣು ಮಿಟುಕಿಸುವಷ್ಟೂ ತಡವಿರಕೂಡದು. ಗೋಕಾಕದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ನಾನು ಇಂಥದೊಂದು ಲೇಸರ್ ಯಂತ್ರ ಕಟ್ಟಿಯೇ ತೀರುತ್ತೇನೆಂದು 2005ರಲ್ಲಿ ಪಣ ತೊಟ್ಟೆ. ಪುಣೆಯಿಂದ ತರಿಸಿದ ಸಾಮಾನು ಜೋಡಿಸಿ ಕಟ್ಟಿಯೂ ಬಿಟ್ಟೆ. ಅದಕ್ಕೆ ಜೋಡಿಸಿದ ಹಲಗೆಯ ಮೇಲೆ ಪೆನ್ನಿನಿಂದ ಗೀಚಿದರೆ ಸಾಕು, ಯಂತ್ರದೊಳಗಿನ ಪುಟ್ಟ ಕನ್ನಡಿಗಳು ಕುಣಿದು ಅದೇ ಗೆರೆಯನ್ನು ಎದುರಿನ ಗೋಡೆಯ ಮೇಲೆ ಹಸಿರು ಬೆಳಕಿನಲ್ಲಿ ಮೂಡಿಸುತ್ತಿದ್ದವು; ಯಂತ್ರ ಆರಿಸುವ ತನಕ ಗೆರೆ ಅಲ್ಲೇ ಉಳಿಯುತ್ತಿತ್ತು.

“ಪ್ರಣಿತಾನ ನಿಶ್ಚಯದಾಗ ನಿಮ್ಮ ತವರಿನವರಿಗೆ ತೋರಸ್ತೇನಿ, ವಿಜ್ಞಾನ ಅಂದ್ರ ಏನಂತ,” ಎಂದೆ ಹೆಂಡತಿ ಸರಿತಾಳಿಗೆ. ಪ್ರಣಿತಾ ಅವಳ ತಂಗಿ.

“ತೋರಸ್ರಿ. ಆದ್ರ ಅಪ್ಪನ ಮುಂದ ಸ್ವಲ್ಪ ಕೈ ಹಿಡದು ತೋರಸ್ರಿ.”

ಬೆಲ್ಲದ ಬಾಗೇವಾಡಿಯ ಮಾವನ ಮನೆಯಂಗಳ. ಮೇಲವಂಕಿಯಿಂದ ಬಂದ ಬೀಗರ ಎದುರು ದೀಪ ಆರಿಸಿ ‘ಸುಸ್ವಾಗತ’ ಎಂದು ಬರೆದೆ. ಚಪ್ಪಾಳೆ ಬಿತ್ತು. ದೀಪ ಹಾಕುವ ಮೊದಲೇ ಮಾವ ತವನಪ್ಪನವರು ಗೋಡೆಗೆ ಬೆನ್ನು ಮಾಡಿ ನಿಂತು ಮೈಕು ಹಿಡಿದರು. ಅವರು ಹಿಡಿದ ಮೈಕನ್ನು ಬಿಟ್ಟದ್ದನ್ನು ಕಂಡವರಿಲ್ಲ.

ಬೇಸರವಾದಾಗ ನನ್ನ ಕೈ ತಾನಾಗಿಯೇ ಗೀಚತೊಡಗುತ್ತದೆ. ಪೆನ್ನು ಇನ್ನೂ ಕೈಯಲ್ಲೇ ಇತ್ತು; ತಲೆ ತಗ್ಗಿಸಿ ಹಲಗೆಯ ಮೇಲೆ ಗೀಚಿದೆ: ದುಂಡು ಮೂಗು, ಪೊದೆ ಮೀಸೆ, ‘ಆ’ ಎಂದು ತೆರೆದ ಬಾಯಿ. ಜನ ಬಿದ್ದು ಬಿದ್ದು ನಕ್ಕರು. ನಗು ತಮ್ಮ ಮಾತಿಗೇ ಎಂದುಕೊಂಡ ಮಾವ ಕಬ್ಬಿನ ಕಥೆ ಮುಗಿಸಿ ಎತ್ತಿನ ಕಥೆ ಶುರು ಮಾಡಿದರು. ನಾನೂ ಹಾಗೆಯೇ ಎಂದುಕೊಂಡು ಮೂಗನ್ನು ಇನ್ನಷ್ಟು ಉಬ್ಬಿಸಿದೆ.

ಸರಿತಾ ಓಡಿಬಂದು ಕಿವಿಯಲ್ಲಿ, “ಏನ್ ಮಾಡಾಕತ್ತೀರಿ? ತಲಿ ಎತ್ತಿ ಗ್ವಾಡಿ ನೋಡ್ರಿ,” ಎಂದಳು.

ನೋಡಿದೆ. ಗೋಡೆಯ ತುಂಬ ಮಾವ!

ಗಾಬರಿಯಲ್ಲಿ ಹೊಡೆದುಹಾಕಲು ಹೋಗಿ ಕಣ್ಣುಗಳ ಸುತ್ತ ಗರಗರ ಗೀಚಿದೆ. ಮುಖಕ್ಕೆ ಕನ್ನಡಕ ಬಂತು. ಯಂತ್ರದ್ದೆಂದು ವಯರು ಕಿತ್ತೆ; ಅದು ಮೈಕಿನದು. ದನಿ ನಿಂತದ್ದೇ ಮಾವ ಹಿಂದಿರುಗಿ ನೋಡಿದರು. ಬೀಗರ ನಗುವೂ ನಿಂತಿತು. ನಿಶ್ಚಯವೇ ಮುರಿದೀತೆಂದು ಪ್ರಣಿತಾ ಅಕ್ಕನ ಸೆರಗು ಹಿಡಿದಳು.

ಮಾವ ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಲ್ಲಿದ್ದವರಲ್ಲಿ ಕನ್ನಡಕ ಹಾಕಿದವನು ನಾನೊಬ್ಬನೇ.

“ಅಳ್ಯಾರು ತಮ್ಮ ಮಾರಿ ತಾವ ಬರಕೊಂಡಾರ,” ಎಂದರು ಬೀಗರಿಗೆ.

“ಹೌದಪ್ಪಾ, ಅವರದ,” ಎಂದಳು ಸರಿತಾ, ನಾನು ಬಾಯಿ ತೆರೆಯುವ ಮೊದಲೇ.

ಬೀಗರಲ್ಲಿ ಹಿರಿಯರೊಬ್ಬರು ನನ್ನನ್ನೂ ಗೋಡೆಯನ್ನೂ ಸಾವಕಾಶವಾಗಿ ಹೋಲಿಸಿ ನೋಡಿ ತಲೆಯಾಡಿಸಿದರು.

“ಖರೆ ಐತ್ರಿ. ಆದ್ರ ಗ್ವಾಡಿ ಮ್ಯಾಲಿನವರು ಸ್ವಲ್ಪ ಶ್ಯಾಣ್ಯಾ ಕಾಣಸ್ತಾರ.”