ಚಟ್ನಿಪುಡಿ ಕರಾರಿನ ಏಳನೇ ಕಲಮು

ಭಾವಮೈದುನನಿಗೆ ಸೈಕಲ್ ಕೊಟ್ಟು ಕೆಟ್ಟವರುಂಟು, ಸಲಹೆ ಕೊಟ್ಟು ಕೆಟ್ಟವರುಂಟು. ಏಜೆನ್ಸಿ ಕೊಟ್ಟು ಕೆಟ್ಟವರು ಶಿವಮೊಗ್ಗದಲ್ಲಿ ಷಣ್ಮುಖಪ್ಪನವರೊಬ್ಬರೇ ಇರಬೇಕು.

ಅವರ ಅಂಗಡಿಯ 'ಷಣ್ಮುಖ ಚಟ್ನಿಪುಡಿ' ಊರಿಗೆಲ್ಲ ಹೆಸರುವಾಸಿ. (ಹುರಿಯುವುದು, ಕುಟ್ಟುವುದು, ಡಬ್ಬಿ ತುಂಬುವುದು ಎಲ್ಲ ಹೆಂಡತಿ ದಾಕ್ಷಾಯಣಮ್ಮನವರು. ಹೆಸರು ಮಾತ್ರ ಯಜಮಾನರದು.) ಐವತ್ತೆಂಟನೇ ಇಸವಿಯಲ್ಲಿ ಆಕೆಯ ತಮ್ಮ ಗಂಗಾಧರಪ್ಪನಿಗೆ ಭದ್ರಾವತಿಯ ಏಜೆನ್ಸಿ ಕೊಡುವಾಗ ಷಣ್ಮುಖಪ್ಪನವರು ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ಏಜೆಂಟನು ಪುಡಿಗೆ ಏನನ್ನೂ ಬೆರೆಸಕೂಡದು. ವ್ಯಾಜ್ಯ ಬಂದರೆ ಕೋರ್ಟಿಗೆ ಹೋಗದೆ, ಇಬ್ಬರೂ ಒಪ್ಪುವ ಪಂಚಾಯ್ತಿದಾರರಿಂದ ತೀರಿಸಿಕೊಳ್ಳತಕ್ಕದ್ದು. ತೀರ್ಪಿಗೆ ಹದಿನೈದು ದಿನ ವಾಯಿದೆ. ಅಷ್ಟಕ್ಕೇ ಬಿಡಲಿಲ್ಲ. ಭಾವಮೈದುನ ಪಂಚಾಯ್ತಿದಾರರನ್ನು ಹೋಳಿಗೆ ಹಾಕಿ ಒಲಿಸಿಕೊಂಡಾನೆಂದು ಏಳನೇ ಕಲಮನ್ನು ತಾವೇ ಹೇಳಿ ಸೇರಿಸಿದರು: 'ತೀರ್ಪು ಆಗುವ ತನಕ ಪಂಚಾಯ್ತಿದಾರರು ಯಾವ ಪಕ್ಷದವರ ಮನೆಯಲ್ಲೂ ಹನಿ ನೀರು ಕುಡಿಯಕೂಡದು, ಯಾವ ಪಕ್ಷದವರಿಗೂ ಉಪಚಾರ ಮಾಡಕೂಡದು.' ಪತ್ರ ಬರೆಯುವ ಜಂಬಣ್ಣನೇ "ಇಂಥ ಬಿಗಿ ಕರಾರು ನಾನು ಬರೆದೇ ಇಲ್ಲ ಸ್ವಾಮಿ" ಎಂದಾಗ ಷಣ್ಮುಖಪ್ಪನವರ ಎದೆ ಉಬ್ಬಿತು.

ಆರೇ ತಿಂಗಳಲ್ಲಿ ವ್ಯಾಜ್ಯ ಹುಟ್ಟಿತು. ಗಂಗಾಧರಪ್ಪ ಪುಡಿಗೆ ಮತ್ತಷ್ಟು ಒಣಮೆಣಸಿನಕಾಯಿ ಕುಟ್ಟಿ ಹಾಕುತ್ತಿದ್ದ.

"ಕಾರ್ಖಾನೆ ಜನ ಭಾವ. ಕುಲುಮೆ ಮುಂದೆ ನಿಂತು ಬರೋರು. ನಿಮ್ಮ ಪುಡಿ ಸಪ್ಪೆ ಅಂತಾರೆ."

"ಸಪ್ಪೆನಾ? ನನ್ನ ಪುಡಿ ಸಪ್ಪೆನಾ? ನಡಿ ಪಂಚಾಯ್ತಿಗೆ!"

ಪಂಚಾಯ್ತಿದಾರರನ್ನು ಹುಡುಕಿದ್ದೇ ಹುಡುಕಿದ್ದು. ಇವರು ಹೇಳಿದವರು ಅವನಿಗೆ ಬೇಡ, ಅವನು ಹೇಳಿದವರು ಇವರಿಗೆ ಬೇಡ. ಕೊನೆಗೆ ಉಳಿದವರು ದಾಕ್ಷಾಯಣಮ್ಮ. ನನ್ನ ಹೆಂಡತಿಯಲ್ಲವೇ ಎಂದು ಷಣ್ಮುಖಪ್ಪನವರು ಒಪ್ಪಿದರು. ನನ್ನ ಅಕ್ಕನಲ್ಲವೇ ಎಂದು ಗಂಗಾಧರಪ್ಪ ಒಪ್ಪಿದ.

ದಾಕ್ಷಾಯಣಮ್ಮ ಕರಾರನ್ನು ಎರಡು ಸಲ ಓದಿದರು. ಆಮೇಲೆ ಒಲೆ ಆರಿಸಿ, ನಾಲ್ಕು ಸೀರೆ ಚೀಲಕ್ಕೆ ತುಂಬಿದರು.

"ಎಲ್ಲಿಗೆ ಹೊರಟೆ ಮಾರಾಯ್ತಿ?"

"ಪಕ್ಕದ ಮನೆ ಬಸವರಾಜೇಶ್ವರಿ ಹತ್ರ. ಇದು ಒಂದನೇ ಪಕ್ಷದವರ ಮನೆ. ಇಲ್ಲಿ ನಾನು ನೀರು ಕುಡಿಯೋ ಹಾಗಿಲ್ಲ."

"ಮತ್ತೆ ನನ್ನ ಊಟ?"

"ಉಪಚಾರ ಆಗುತ್ತೆ ರೀ. ಗಂಡನಿಗೆ ಅನ್ನ ಹಾಕ್ತಾ ತೀರ್ಪು ಕೊಟ್ಟಳು ಅಂತ ನಾಳೆ ನನ್ನ ತಮ್ಮ ಆಡಿಕೊಳ್ಳಲ್ವಾ?"

ಷಣ್ಮುಖಪ್ಪನವರು ಮೊದಲ ದಿನ ಹೋಟೆಲಿನಲ್ಲಿ ದೋಸೆ ತಿಂದು ಮೀಸೆ ತಿರುವಿದರು. ಎರಡನೇ ದಿನ ಹೊಟ್ಟೆ ಕೆಟ್ಟಿತು. ಮೂರನೇ ದಿನ ತಾವೇ ಅನ್ನಕ್ಕಿಟ್ಟರು. ಇಳಿಸುವಾಗ ಅದು ಗಂಜಿಯಾಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇವರು ಮಾಡಿದ್ದನ್ನು ಇವರಿಗೇ ಉಣ್ಣಲಾಗಲಿಲ್ಲ. ಗೋಡೆಯಾಚೆ ರೊಟ್ಟಿ ತಟ್ಟುವ ಸದ್ದು, ಇಬ್ಬರು ಹೆಂಗಸರ ನಗು. ನಿಜ ಹೇಳಬೇಕೆಂದರೆ ಅವರಿಗೆ ಊಟಕ್ಕಿಂತ, ಬಡಿಸುತ್ತ ಬೈಯುವವಳು ಬೇಕಾಗಿದ್ದಳು.

ಐದನೇ ದಿನ ಬೆಳಗ್ಗೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು "ತೀರ್ಪು ಯಾವಾಗ?" ಎಂದು ಕೇಳಿದರು.

"ವಿಚಾರಣೆ ನಡೀತಾ ಇದೆ. ಇನ್ನೂ ಹತ್ತು ದಿನ ವಾಯಿದೆ ಇದೆಯಲ್ಲ," ಎಂದರು ಪಂಚಾಯ್ತಿದಾರರು ಒಳಗಿನಿಂದ, ರೊಟ್ಟಿ ಅಗಿಯುತ್ತ.

ಷಣ್ಮುಖಪ್ಪನವರು ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಓಡಿದರು.

"ಗಂಗಾಧರ, ಎಷ್ಟು ಬೇಕೋ ಅಷ್ಟು ಖಾರ ಹಾಕ್ಕೋ ಮಾರಾಯ! ತಿಂದವರ ಕಿವೀಲಿ ಹೊಗೆ ಬಂದ್ರೂ ನಾನು ಕೇಳಲ್ಲ. ವ್ಯಾಜ್ಯ ಇಲ್ಲ ಅಂತ ಬರ್ಕೊಡ್ತೀನಿ."

ಬರೆದು, ರುಜು ಹಾಕಿ ಕೊಟ್ಟು, ಮಧ್ಯಾಹ್ನಕ್ಕೆ ವಾಪಸು ಬಂದರು. "ದಾಕ್ಷಾಯಣೀ, ರಾಜಿಯಾಯ್ತು! ಮನೆಗೆ ಬಾ!"

"ಅಯ್ಯೋ, ಯಾಕ್ರೀ ರಾಜಿಯಾದ್ರಿ?" ದಾಕ್ಷಾಯಣಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟರು. 'ಏಜೆಂಟನು ಖಾರ ಬೆರೆಸಿದ್ದು ತಪ್ಪು. ಒಂದನೇ ಪಕ್ಷದವರು ಗೆದ್ದಿದ್ದಾರೆ.' ಕೆಳಗಿದ್ದದ್ದು ಮೊದಲ ದಿನದ ತಾರೀಖು.

ರಾಜಿಪತ್ರ ಭದ್ರಾವತಿಯಲ್ಲಿತ್ತು, ಗೆಲುವು ಕೈಯಲ್ಲಿತ್ತು. ಷಣ್ಮುಖಪ್ಪನವರು ಆ ತಾರೀಖನ್ನು ಎರಡು ಸಲ ಓದಿದರು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ನನ್ನನ್ನ ಕೂರಿಸಿ ಬಡಿಸಿದವಳು ಈ ಬಸವರಾಜೇಶ್ವರಿ ಒಬ್ಬಳೇ. ಹತ್ತು ದಿನ ಉಳಿದಿತ್ತು, ಕೆಡಿಸಿಬಿಟ್ರಿ." ಆಕೆ ನಗುತ್ತ ಚೀಲ ಎತ್ತಿಕೊಂಡರು. "ಬರ್ತೀನಿ. ಆದ್ರೆ ಆ ಹತ್ತು ದಿನ ನೀವು ಬಡಿಸ್ಬೇಕು, ನಾನು ಉಣ್ಬೇಕು."

ಷಣ್ಮುಖಪ್ಪನವರೂ ನಕ್ಕುಬಿಟ್ಟರು. ಚೀಲ ಇಸಿದುಕೊಂಡು ಅಕ್ಕಿ ತೊಳೆಯಲು ಮುಂದೆ ಮುಂದೆ ನಡೆದರು. ಇದಕ್ಕೂ ಒಂದು ಕರಾರು ಬರೆಸೋಣವೇ ಎಂದು ಮಾತ್ರ ಕೇಳಲಿಲ್ಲ.