ಜುಲೈ ಒಂದರಂದು ಹುಟ್ಟಿದ ಕಲ್ಲು

೧೯೮೬ರ ಜೂನ್ ತಿಂಗಳಲ್ಲಿ ನಾಗಪುರದ ನಮ್ಮ ಶಿಲಾ ವಯೋನಿರ್ಣಯ ಉಪಕಚೇರಿಯಲ್ಲಿದ್ದ ಒಂದು ಕರಿಕಲ್ಲಿಗೆ ಜನ್ಮದಿನಾಂಕ ಇರಲಿಲ್ಲ. ಭೂವಿಜ್ಞಾನಿ ಗುರುಸಿದ್ದಪ್ಪನವರು ಅದರ ವಯಸ್ಸು ಕಂಡುಹಿಡಿದಿದ್ದರು, ನಿಜ. ಕಲ್ಲಿನೊಳಗಿನ ವಿಕಿರಣಶೀಲ ಪೊಟ್ಯಾಸಿಯಂ ಒಂದೇ ಗತಿಯಲ್ಲಿ ಕ್ಷಯಿಸುತ್ತ ಆರ್ಗಾನ್ ಅನಿಲವಾಗುತ್ತದೆ. ಎಷ್ಟು ಉಳಿದಿದೆ, ಎಷ್ಟು ಅನಿಲ ಕೂಡಿದೆ ಎಂದು ಅಳೆದರೆ ಲಾವಾ ಗಟ್ಟಿಯಾದ ಕಾಲ ಸಿಗುತ್ತದೆ. ಸಿಕ್ಕಿತ್ತು: ಆರೂವರೆ ಕೋಟಿ ವರ್ಷ, ಇಪ್ಪತ್ತು ಲಕ್ಷ ಹೆಚ್ಚು ಅಥವಾ ಕಡಿಮೆ.

ಆದರೆ ಕಚೇರಿಯಲ್ಲಿ ಯಾರ ವಯಸ್ಸನ್ನೇ ಆಗಲಿ ಮಂಜೂರು ಮಾಡುವ ಅಧಿಕಾರ ಸಿಬ್ಬಂದಿ ಶಾಖೆಯದು. ಮಂಜೂರಾಗದೆ ಕಡತ ಮುಚ್ಚುವಂತಿಲ್ಲ. ಕಡತ ಮುಚ್ಚದೆ, ಹುಬ್ಬಳ್ಳಿಗೆ ವರ್ಗವಾಗಿದ್ದ ಗುರುಸಿದ್ದಪ್ಪನವರನ್ನು ಬಿಡುವಂತಿಲ್ಲ. ಜೂನ್ ಮೂವತ್ತು ದಾಟಿದರೆ ವರ್ಗದ ಆದೇಶವೇ ರದ್ದು. ಲಕ್ಷ್ಮೀ ನಗರದ ಮನೆಯಲ್ಲಿ ಅವರ ಹೆಂಡತಿ ಚಂದ್ರಮ್ಮ ಸ್ಟೌವನ್ನೂ ಕಟ್ಟಿಟ್ಟಿದ್ದರಿಂದ ಊಟ ಪಕ್ಕದ ಮನೆಯಿಂದ ಬರುತ್ತಿತ್ತು.

ಶಾಖೆಯ ಸೂಪರಿಂಟೆಂಡೆಂಟ್ ಬಸವಂತ ಅವರು ಗುರುಸಿದ್ದಪ್ಪನವರ ಎದುರೇ ವರದಿ ಓದಿ ಕನ್ನಡಕ ತೆಗೆದರು.

“ಇಪ್ಪತ್ತ್ ಲಕ್ಷ ಹೆಚ್ಚುಕಮ್ಮಿ ಅಂದ್ರ ಹೆಂಗ್ರಿ? ಒಂದ್ ದಿನ ತಪ್ಪಿದ್ದಕ್ಕ ನಮ್ಮ ಡ್ರೈವರನ ಪ್ರಮೋಶನ್ ನಿಂತೈತಿ.”

“ಸಾಹೇಬ್ರ, ಕಲ್ಲು ಸಾಲೀಗೆ ಹೋಗಿಲ್ರಿ. ದಾಖಲೆ ಎಲ್ಲಿಂದ ತರ್ಲಿ?”

“ಬರೋಬರ್. ಅದಕ್ಕ ನಿಯಮ ಐತಿ. ತಾರೀಖು ಗೊತ್ತಿಲ್ದವರಿಗೆಲ್ಲಾ ಜುಲೈ ಒಂದು.”

ಹೀಗೆ ಕಲ್ಲು ಒಂದಾನೊಂದು ಜುಲೈ ಒಂದರಂದು ಹುಟ್ಟಿತು. ಜನ್ಮದಿನಾಂಕ ಮಂಜೂರಾದವರಿಗೆ ಸೇವಾ ಪುಸ್ತಕ ತೆರೆಯಬೇಕು, ತೆರೆದರು. ತೆರೆದ ಮೇಲೆ ಸದರಿ ನೌಕರರು ನಿವೃತ್ತಿಯ ವಯಸ್ಸು ಐವತ್ತೆಂಟನ್ನು ದಾಟಿರುವುದು ಗಮನಕ್ಕೆ ಬಂತು. ಜುಲೈ ಒಂದರಂದು ಹುಟ್ಟಿದವರು ಜೂನ್ ಮೂವತ್ತರ ಸಂಜೆಯೇ ನಿವೃತ್ತರಾಗತಕ್ಕದ್ದು. ಗುಮಾಸ್ತನಾದ ನಾನೇ ನೋಟಿಸು ಬೆರಳಚ್ಚು ಮಾಡಿದೆ: “ಶ್ರೀ ಮಾದರಿ ಸಂಖ್ಯೆ ೧೭ ಇವರ ಬೀಳ್ಕೊಡುಗೆಗೆ ಎಲ್ಲರೂ ಹಾಜರಿರತಕ್ಕದ್ದು. ಗೈರುಹಾಜರಾದವರಿಗೆ ಅರ್ಧ ದಿನದ ರಜೆ ಕಡಿತ.”

ಶಾಲು ಹೊದಿಸಿದೆವು, ಹಾರ ಹಾಕಿದೆವು. “ಒಂದಿನಾ ರಜಾ ಕೇಳ್ಲಿಲ್ಲ, ಎದುರು ಮಾತಾಡ್ಲಿಲ್ಲ” ಎಂದ ಬಸವಂತ ಅವರು ಕಣ್ಣೊರೆಸಿಕೊಳ್ಳುತ್ತ ಕೂತುಬಿಟ್ಟರು. ಸುಳ್ಳೇಕೆ, ನನ್ನ ಕಣ್ಣೂ ತುಂಬಿತು. ಐದು ಗಂಟೆಗೆ ಕಡತ ಮುಚ್ಚಿತು. ಐದು ನಿಮಿಷ ಬಿಟ್ಟು ಗುರುಸಿದ್ದಪ್ಪನವರ ಬಿಡುಗಡೆ ಪತ್ರಕ್ಕೂ ಸಹಿ ಬಿತ್ತು.

ಅವರನ್ನು ಕಳಿಸಲು ಸ್ಟೇಷನ್ನಿಗೆ ಹೋಗಿದ್ದೆ. ಟ್ರಂಕಿನ ಮೇಲೆ ಕೂತಿದ್ದ ಚಂದ್ರಮ್ಮ ಗಂಡನನ್ನು ಕೇಳಿದರು, “ಪಾಪ, ಇನ್ನ ಆ ಕಲ್ಲು ಏನ್ ಮಾಡ್ತೈತ್ರಿ?”

“ಅನುಭವ ಭಾಳ ಐತಿ ಅಂತ ಸಲಹೆಗಾರ ಹುದ್ದೆಗೆ ಮತ್ತ ತಗೊಂಡಾರ. ಒಂದ್ ವರ್ಷಕ್ಕ.”

“ಚಲೋ ಆತು ಬಿಡ್ರಿ,” ಎಂದರು ಚಂದ್ರಮ್ಮ. “ಮನ್ಯಾಗ ಕುಂತ್ರ ಬ್ಯಾಸರ ಅಕ್ಕಿತ್ತು.”