ನಾನು ಕೈ ಕೊಟ್ಟ ಕುಸ್ತಿ

ನಾನು ಯಾರಿಗೂ ಕೈ ಕೊಡುವುದಿಲ್ಲ. ಹೀಗೆಂದ ಕೂಡಲೇ ನಾನು ಭಾರೀ ನಂಬಿಕಸ್ಥ ಮನುಷ್ಯನೆಂದು ತಿಳಿಯಬೇಡಿ. ಆ ಅರ್ಥದಲ್ಲಿ ನಾನು ಎಷ್ಟೋ ಜನರಿಗೆ ಕೈ ಕೊಟ್ಟಿದ್ದೇನೆ. ಮದುವೆಗೆ ಬಂದೇ ಬರುತ್ತೇನೆಂದು ಹೇಳಿ ಮನೆಯಲ್ಲಿ ಮಲಗಿದ್ದೇನೆ. ಈಗ ಹೇಳುತ್ತಿರುವುದು ಐದು ಬೆರಳಿರುವ ನಿಜವಾದ ಕೈಯ ಮಾತು. ಯಾರಾದರೂ ಶೇಕ್‌ಹ್ಯಾಂಡಿಗೆಂದು ಕೈ ಚಾಚಿದರೆ ನಾನು ಎರಡು ಹೆಜ್ಜೆ ಹಿಂದೆ ಸರಿದು ನಮಸ್ಕಾರ ಮಾಡಿಬಿಡುತ್ತೇನೆ. ಒಮ್ಮೆ ಯಾವುದೋ ಸಮಾರಂಭದಲ್ಲಿ ಭಾಷಣಕಾರರೊಬ್ಬರು ಇದನ್ನು ನೋಡಿ, ಪರದೇಶದ ಪದ್ಧತಿಗೆ ಮಾರುಹೋಗದ ಹಿರಿಯರೆಂದು ಮೈಕಿನಲ್ಲಿ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕುಳಿತೆ. ಜನ ಅದನ್ನು ವಿನಯವೆಂದು ತಿಳಿದರು. ನಿಜ ಹೇಳಬೇಕೆಂದರೆ ಅದು ಹೆದರಿಕೆ, ಶುದ್ಧ ಹೆದರಿಕೆ.

ನಮ್ಮ ಮನೆಯ ಟೀವಿಯಲ್ಲಿ ಕುಸ್ತಿ ಹಚ್ಚಿದರೂ ಇದೇ ಪಾಡು. ಮುಸುಕು ಹಾಕಿಕೊಂಡ ದಾಂಡಿಗರು ಹಗ್ಗದ ಮೇಲಿಂದ ಹಾರುತ್ತಾರೆ, ಒಬ್ಬರನ್ನೊಬ್ಬರು ಕುರ್ಚಿಯಲ್ಲಿ ಬಡಿಯುತ್ತಾರೆ. ಮೊಮ್ಮಗಳು ಬಾಯಿ ತೆರೆದು ನೋಡುತ್ತಾಳೆ. ಕುರ್ಚಿಯಿಂದ ಬಡಿಯುವುದನ್ನು ನಾನೂ ನೋಡಬಲ್ಲೆ. ಆದರೆ ಕುಸ್ತಿಗೆ ಮೊದಲು ಇಬ್ಬರೂ ಕೈ ಮುಂದೆ ಮಾಡುತ್ತಾರಲ್ಲ, ಆಗ ನಾನು ನೀರು ಕುಡಿಯುವ ನೆವದಿಂದ ಎದ್ದು ಹೋಗುತ್ತೇನೆ. ಅಜ್ಜನಿಗೆ ಇಂಥ ಸುಳ್ಳು ಕುಸ್ತಿ ಸೇರುವುದಿಲ್ಲ ಎಂದು ಆಕೆ ಗೆಳತಿಯರಿಗೆಲ್ಲ ಹೇಳಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

ಇದು ಅರವತ್ತರ ದಶಕ ಆಗತಾನೇ ಶುರುವಾಗಿದ್ದಾಗಿನ ಮಾತು. ವಿಜಯಪುರ ಆಗ ಎಲ್ಲರ ಬಾಯಲ್ಲೂ ಬಿಜಾಪುರವೇ. ಗಾಂಧಿ ಚೌಕದ ಹತ್ತಿರ ಒಬ್ಬ ವಕೀಲರ ಕಚೇರಿಯಲ್ಲಿ ನಾನು ಟೈಪಿಸ್ಟನಾಗಿದ್ದೆ. ನನ್ನ ಆಸ್ತಿಯೆಂದರೆ ಹತ್ತು ಬೆರಳು. ಉಳಿದ ದೇಹ ಆ ಬೆರಳುಗಳನ್ನು ಮನೆಯಿಂದ ಕಚೇರಿಗೆ ಒಯ್ಯಲು ಎಷ್ಟು ಬೇಕೋ ಅಷ್ಟೇ ಇತ್ತು. ಅಂಥ ನನಗೆ ಬಬಲೇಶ್ವರದ ಗರಡಿಯ ವಸ್ತಾದರು, ಅಂದರೆ ಪೈಲ್ವಾನರನ್ನು ತಯಾರು ಮಾಡುವ ಗುರುಗಳು, ತಮ್ಮ ಒಬ್ಬಳೇ ಮಗಳು ಶಾಂತವ್ವನನ್ನು ಕೊಟ್ಟಿದ್ದರು. ಹೆಣ್ಣು ನೋಡಲು ಹೋದಾಗ ಅವರು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಹೋಗ್ಲಿ ಬಿಡ್ರಿ, ನೌಕರಿ ಗಟ್ಟಿ ಐತಿ" ಎಂದಿದ್ದರು. ಅಂದಿನಿಂದ ಮಾವನವರೆದುರು ನಾನು ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದೆ.

ಅಂಥ ದಿನಗಳಲ್ಲಿ ಸ್ಟೇಷನ್ ರಸ್ತೆಯ ಕಡೆಯ ಬಯಲಿಗೆ ಒಂದು ಫ್ರೀಸ್ಟೈಲ್ ಕುಸ್ತಿ ಕಂಪನಿ ಬಂತು. ನಮ್ಮವರಿಗೆ ಕುಸ್ತಿಯೆಂದರೆ ಮಣ್ಣು. ಇವರದೋ ಹಲಗೆಯ ಮೇಲೆ ಗಾದಿ, ಸುತ್ತ ಹಗ್ಗ, ಟಣ್ಣೆನ್ನುವ ಗಂಟೆ. ಕಂಪನಿಯ ದೊಡ್ಡ ಹುಲಿಯೆಂದರೆ 'ಖೂನಿ ಪಂಜಾ', ಅಂದರೆ ಕೊಲ್ಲುವ ಹಸ್ತ, ಎಂಬ ಮುಸುಕಿನ ಪೈಲ್ವಾನ. ಏಳು ಸಮುದ್ರದಾಚೆಯಿಂದ ಬಂದವನು, ಅವನ ಮುಖ ನೋಡಿದವರು ಯಾರೂ ಉಳಿದಿಲ್ಲ, ಹಸ್ತಲಾಘವದಲ್ಲೇ ಏಳು ಜನರ ಬೆರಳು ಪುಡಿ ಮಾಡಿದ್ದಾನೆ ಎಂದು ಕರಪತ್ರದಲ್ಲಿತ್ತು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಕಂಪನಿಯ ಮುಂಬಯಿ ಮ್ಯಾನೇಜರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಟ್ಟವನು ನಾನೇ. ಅವನು ಐದು ಜನ ಎಂದಿದ್ದ. ಓದುವವರಿಗೆ ರುಚಿಸಲೆಂದು ಇನ್ನಿಬ್ಬರನ್ನು ನಾನು ಸೇರಿಸಿದೆ. ಆಶ್ಚರ್ಯವೆಂದರೆ ಬರೆದ ಮೇಲೆ ಆ ಇಬ್ಬರನ್ನೂ ನಾನು ನಂಬಿದೆ.

ರವಿವಾರ ಮಧ್ಯಾಹ್ನದ ಮೊದಲ ಆಟಕ್ಕೆ ತಿಕೋಟಾ, ಕನಮಡಿ, ಬಬಲೇಶ್ವರದ ಕಡೆಯಿಂದ ಜನ ಲಾರಿ ತುಂಬಿ ಬಂದರು. ಮುಂದಿನ ಸಾಲಿನಲ್ಲಿ ಮಾವನವರು, ಹೆಣ್ಣುಮಕ್ಕಳ ಸಾಲಿನಲ್ಲಿ ಶಾಂತವ್ವ. ವಕೀಲರನ್ನು ಕೇಳಿ ಮ್ಯಾನೇಜರ್ ನನ್ನನ್ನು ಮೈಕಿಗೆ ಕರೆಸಿಕೊಂಡಿದ್ದ. ಖೂನಿ ಪಂಜಾನ ಎದುರು ಐದು ನಿಮಿಷ ನಿಲ್ಲುವ ಗಂಡಸು ಈ ಜಿಲ್ಲೆಯಲ್ಲಿ ಇದ್ದಾನೆಯೇ ಎಂದು ಅವನು ಇಂಗ್ಲಿಷಿನಲ್ಲಿ ಗರ್ಜಿಸಿದ, ನಾನು ಕನ್ನಡದಲ್ಲಿ ಗರ್ಜಿಸಿದೆ. ಮೈಕಿದ್ದರೆ ನನಗೂ ಗರ್ಜನೆ ಬರುತ್ತದೆ. ಯಾರೂ ಏಳಲಿಲ್ಲ. ನನ್ನ ಕೆಲಸ ಮುಗಿಯಿತೆಂದು ನಾನು ಇಳಿಯುವುದರಲ್ಲಿದ್ದೆ. ಆಗ ಆ ಮುಸುಕಿನ ಪರ್ವತ ನನ್ನತ್ತ ತಿರುಗಿ, ಎಡಗೈಯಿಂದ ತನ್ನದೇ ಬಲ ಮೊಣಕೈ ಹಿಡಿದುಕೊಂಡು, ಬಲಗೈ ಚಾಚಿತು. ಉಪಕಾರಕ್ಕೆ ಥ್ಯಾಂಕ್ಸ್ ಹೇಳುವ ಅವರ ದೇಶದ ರೀತಿಯಿದು ಎಂದುಕೊಂಡು, ವಕೀಲರ ಸಹವಾಸದಲ್ಲಿ ಶೇಕ್‌ಹ್ಯಾಂಡ್ ಕಲಿತಿದ್ದ ನಾನು ಠೀವಿಯಿಂದ ಕೈ ಕೊಟ್ಟೆ. ಇಬ್ಬರ ಕೈಯೂ ನಡುಗುತ್ತಿತ್ತು. ಎರಡೂ ನಡುಕ ನನ್ನದೇ ಎಂದು ತಿಳಿದೆ. ಆ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಫೋಟೋಕ್ಕೆಂದು ನಮ್ಮಿಬ್ಬರ ಕೈಯನ್ನೂ ಹಿಡಿದು ಮೇಲೆತ್ತಿದ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಕಡೆ ಕುಸ್ತಿಯ ಜೋಡಿ ನಿಶ್ಚಯವಾಗುವುದು ಕಾಗದದಿಂದಲ್ಲ. ಪೈಲ್ವಾನ ಕಣದಲ್ಲಿ ನಿಂತು ಕೈ ಚಾಚುತ್ತಾನೆ, ಎದುರಿನವನು ಕೈ ಕೊಡುತ್ತಾನೆ, ಹಿರಿಯರೊಬ್ಬರು ಎರಡೂ ಕೈ ಎತ್ತಿ ಜನಕ್ಕೆ ತೋರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಹಿಂದೆ ಸರಿದವನ ಊರಿನವರು ನಾಲ್ಕು ಜನರಲ್ಲಿ ತಲೆ ಎತ್ತುವ ಹಾಗಿಲ್ಲ. ಬಯಲಿನ ತುಂಬ ಶಿಳ್ಳೆ ಎದ್ದಿತು. ತಲೆಗೆ ಸುತ್ತಿದ್ದ ಪಟಕಗಳು ಮೇಲಕ್ಕೆ ಹಾರಿದವು. ಬಬಲೇಶ್ವರದ ವಸ್ತಾದರ ಅಳಿಯ ಕೈ ಕೊಟ್ಟ ಎಂಬ ಕೂಗು ಗಗನ ಮುಟ್ಟಿತು. ಮಾವನವರು ಎದ್ದು ನಿಂತು ನನ್ನನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮಾವನವರ ಕಾಲು ಹಿಡಿಯುವುದೊಂದು ಬಾಕಿ. ಅದು ಇಂಗ್ಲಿಷರ ನಮಸ್ಕಾರ, ದಿನಕ್ಕೆ ಹತ್ತು ಸಲ ವಕೀಲರು ಕೊಡುತ್ತಾರೆ, ಅದಕ್ಕೂ ಕುಸ್ತಿಗೂ ಸಂಬಂಧವಿಲ್ಲ ಎಂದು ಬಗೆಬಗೆಯಾಗಿ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ ಹೇಳಿದರು:

"ಇಂಗ್ಲೀಷಿನ್ಯಾಗ ಏನರೆ ಇರ್ಲಿ ಅಳಿಯಂದ್ರ. ಬಬಲೇಶ್ವರದಾಗ ಕೈ ಕೊಟ್ರ ಕೈ ಕೊಟ್ಟಂಗ."

ಕುಸ್ತಿ ಮುಂದಿನ ರವಿವಾರಕ್ಕೆ ಗೊತ್ತಾಯಿತು. ಮ್ಯಾನೇಜರನಿಗೆ ಹಬ್ಬ. ಒಂದು ಕರಾರುಪತ್ರ ತಯಾರಾಗಬೇಕೆಂದ. ಕುಸ್ತಿಯಲ್ಲಿ ನನ್ನ ಕೈಕಾಲು ಮುರಿದರೆ ಅಥವಾ ನಾನು ಸತ್ತರೆ ಕಂಪನಿ ಜವಾಬ್ದಾರಿಯಲ್ಲ ಎಂಬ ಒಕ್ಕಣೆ. ಊರಲ್ಲಿ ಇಂಗ್ಲಿಷ್ ಟೈಪಿಂಗ್ ಚೊಕ್ಕವಾಗಿ ಮಾಡುವವನು ಯಾರು? ನಾನೇ ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆದೆ. ಸಾವು ಎಂಬುದರ ಇಂಗ್ಲಿಷ್ ಶಬ್ದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ವಕೀಲರು ಕೆಂಪು ಶಾಯಿಯಲ್ಲಿ ಅದನ್ನು ತಿದ್ದಿ, ಮುಖ್ಯವಾದ ಕಡೆಯೇ ತಪ್ಪು ಮಾಡಬಾರದೆಂದು ಬೈದರು.

ಬುಧವಾರದ ಹೊತ್ತಿಗೆ ಸೊಲ್ಲಾಪುರದ ಗಾಡಿ ಹತ್ತಿಬಿಡುವುದೆಂದು ನಾನು ಮನಸ್ಸು ಗಟ್ಟಿ ಮಾಡಿದೆ. ನನ್ನಲ್ಲಿ ಗಟ್ಟಿಯಾದದ್ದು ಅದೊಂದೇ. ಚೀಲದಲ್ಲಿ ಎರಡು ಧೋತರ ಇಡುವಾಗ ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ನಾನು ಮೊದಲು ಕೇಳಿರದ ಒಂದು ವಿಷಯ ಹೇಳಿದಳು. ಎಂಟು ವರ್ಷದ ಹಿಂದೆ ಕನಮಡಿಯ ಸಿದ್ದರಾಮನೆಂಬ ತರುಣ ಅವರ ಮನೆಯಲ್ಲೇ ಉಂಡು, ಅವರ ಗರಡಿಯಲ್ಲೇ ಬೆಳೆದಿದ್ದನಂತೆ. ಮಾವನವರಿಗೆ ಮಗನಿಗಿಂತ ಹೆಚ್ಚು. ಒಂದು ದೊಡ್ಡ ಕುಸ್ತಿಗೆ ಕೈ ಕೊಟ್ಟವನು ಕುಸ್ತಿಯ ದಿನ ಹೆದರಿ ಓಡಿಹೋದ. ಅಂದಿನಿಂದ ಗರಡಿಗೆ ಕೀಲಿ ಬಿದ್ದಿದೆ, ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕಡೆಗೆ ಆಕೆ ಹೇಳಿದಳು:

"ನಿಮಗ ಕೈ ಕೊಟ್ಟ ಬಿಡೂದ ಹಗೂರ ಅನಸತೈತಿ ಅಂದ್ರ ಹೋಗ್ರಿ. ನನ್ನ ಕೈನೂ ಹಿಡದೀರಿ. ಅದನ್ನೂ ಇಲ್ಲೇ ಬಿಟ್ಟ ಹೋಗ್ರಿ."

ಧೋತರಗಳನ್ನು ತಿರುಗಿ ತೆಗೆದಿಟ್ಟೆ. ನನಗೆ ಆ ಕ್ಷಣ ನಾಚಿಕೆಯಾಯಿತು ನಿಜ, ಆದರೆ ಹೆದರಿಕೆ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಮರುದಿನ ಬಬಲೇಶ್ವರಕ್ಕೆ ಹೋದೆವು. ಮಾವನವರು ಗರಡಿಯ ಕೀಲಿ ತೆಗೆದರು. ಎಂಟು ವರ್ಷದ ಕೆಂಪು ಮಣ್ಣನ್ನು ತಾವೇ ಅಗೆದು, ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಕಲಸಿದರು. ಅವರ ಮುಖದಲ್ಲಿ ಎಂಥದೋ ಕಳೆ ಬಂದಿತ್ತು. ನಾನು ಲಂಗೋಟಿ ಕಟ್ಟಿಕೊಂಡು ಹೊರಬಂದಾಗ ಆ ಕಳೆ ತುಸು ಕುಂದಿತು. ನಮ್ಮ ಪೈಲ್ವಾನನನ್ನು ನೋಡಿ ಬರೋಣವೆಂದು ತಿಕೋಟಾದಿಂದ ನಾಲ್ವರು ಹಿರಿಯರು ಬಂದರು. ನೋಡಿದರು. ಚಹಾ ಕುಡಿದರು. ಹೋಗುವಾಗ ಒಬ್ಬರು ನನ್ನ ತಲೆ ನೇವರಿಸಿದರು. ಎರಡು ದಿನ ಬೈಠಕ್ ಹೊಡೆದು ನನ್ನ ತೊಡೆಗಳು ನಡುಗುವುದನ್ನು ಸ್ವಂತ ಇಚ್ಛೆಯಿಂದ ಮಾಡಲು ಕಲಿತವು. ನಾನು ಮಾತ್ರ ಪ್ರತಿ ಬೈಠಕ್ ಮುಗಿದಾಗಲೂ ಬೆರಳುಗಳನ್ನು ಎಣಿಸಿ ನೋಡಿಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಕರಾರುಪತ್ರಕ್ಕೆ ಸಹಿ ಹಾಕಿಸಲು ಸ್ಟೇಷನ್ ರಸ್ತೆಯ ಲಾಡ್ಜಿಗೆ ಹೋದೆ. ಸಹಿ ನೆವ. ಆ ರಾಕ್ಷಸನ ಕಾಲಿಗೆ ಬಿದ್ದು ಬೆರಳುಗಳ ಭಿಕ್ಷೆ ಬೇಡುವುದು ನನ್ನ ಉದ್ದೇಶ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಮ್ಯಾನೇಜರ್ ಇರಲಿಲ್ಲ. ಪಕ್ಕದ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮಂಚದ ಮೇಲೆ ಮುಸುಕು ಬಿದ್ದಿತ್ತು. ನೆಲದ ಮೇಲೆ ಆ ಭೀಮಕಾಯ ಚಕ್ಕಳಬಕ್ಕಳ ಹಾಕಿ ಕುಳಿತು ಕಟಕ್ ಎಂದು ನಮ್ಮ ಜೋಳದ ಕಟಿ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿತ್ತು. ಏಳು ಸಮುದ್ರದಾಚೆ ಕಟಿ ರೊಟ್ಟಿ ಎಲ್ಲಿಂದ ಬರಬೇಕು? ಬಾಯಿಪಾಠ ಮಾಡಿದ್ದ ನಾಲ್ಕೂ ವಾಕ್ಯ ದಂಡವಾದವು. ಅವನು ನನ್ನನ್ನು ನೋಡಿ ಬಿಳಿಚಿಕೊಂಡು ಬಾಗಿಲು ಹಾಕಲು ಓಡಿದ. ಅಷ್ಟರಲ್ಲಿ ಶಾಂತವ್ವ ಹೇಳಿದ್ದ, ಹೆದರಿ ಓಡಿಹೋದ ತರುಣ ನೆನಪಾಗಿ ನನ್ನ ಬಾಯಿಂದ ತಾನೇ ಹೊರಬಿತ್ತು, "ಸಿದ್ದರಾಮಾ?"

ಅವನು ಬಾಗಿಲು ಹಾಕುವುದನ್ನು ಬಿಟ್ಟು ನನ್ನನ್ನು ಒಳಗೆ ಕರೆದ. ಹೌದು, ಕನಮಡಿಯ ಸಿದ್ದರಾಮನೇ. ಮೊದಲ ದಿನ ಮುಂದಿನ ಸಾಲಿನಲ್ಲಿ ಗುರುವನ್ನು ಕಂಡಾಗಿನಿಂದ ಅವನ ಕೈ ನಡುಕ ನಿಂತಿಲ್ಲವಂತೆ. ಆ ಗಾಬರಿಯಲ್ಲೇ ಎದುರಿಗಿದ್ದ ನನಗೆ ಕೈ ಚಾಚಿದ್ದನಂತೆ. ಇಂಥ ಕಂಪನಿ ಯಾಕೆ ಸೇರಿದೆಯೋ ಎಂದು ಕೇಳಿದೆ. ಮುಸುಕಿನ ಕಡೆ ನೋಡಿ ಹೇಳಿದ:

"ಇದನ್ನ ಹಾಕ್ಕೊಂಡ್ರ ಹೆದರಿಕಿ ಯಾರಿಗೂ ಕಾಣೂದಿಲ್ಲ ನೋಡ್ರಿ."

ನನಗೂ ಒಂದು ಹೊಲಿಸಿಕೊಡಬಾರದೇ ಎನ್ನಿಸಿತು. ವಸ್ತಾದರಿಗೆ ಹೇಳಬೇಡಿರೆಂದು ಅವನು ನನ್ನೆದುರು ಕೈಮುಗಿದ, ಬೆರಳು ಮುರಿಯಬೇಡವೆಂದು ನಾನು ಅವನೆದುರು ಕೈಮುಗಿದೆ. ನಿಮ್ಮನ್ನು ಹೂವಿನ ಹಾಗೆ ಎತ್ತಿ ಹೂವಿನ ಹಾಗೆ ಇಡುತ್ತೇನೆ ಎಂದು ಮಾತು ಕೊಟ್ಟು, ಆ ಮಾತಿಗೆ ಕೈ ಚಾಚಿದ. ನಾನು ಎರಡು ಹೆಜ್ಜೆ ಹಿಂದೆ ಸರಿದು ನಮಸ್ಕಾರ ಮಾಡಿದೆ. ನನ್ನ ಈ ಪದ್ಧತಿ ಆರಂಭವಾದದ್ದು ಅಲ್ಲಿಯೇ.

ಇಷ್ಟಾದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಎರಡಾಯಿತು. ಒಮ್ಮೆ ಹೆದರಿ ಮಾತು ಮುರಿದವನು ಇನ್ನೊಮ್ಮೆ ಹೆದರಿ ಮಾತು ಮುರಿದರೆ? ಅವನನ್ನು ಮಾವನವರು ಗುರುತಿಸಿಬಿಟ್ಟರೆ? ರವಿವಾರ ಮಧ್ಯಾಹ್ನ ಹಗ್ಗ ದಾಟಿ ಗಾದಿಯ ಮೇಲೆ ನಿಂತಾಗ ನನಗೆ ಜನ ಕಾಣಲಿಲ್ಲ, ಹೆಣ್ಣುಮಕ್ಕಳ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದಿದ್ದ ಶಾಂತವ್ವ ಮಾತ್ರ ಕಂಡಳು. ಮಾವನವರು ಮೂಲೆಗೆ ಬಂದು, ಪಟಕದ ತುದಿಯ ಗಂಟು ಬಿಚ್ಚಿ, ಗರಡಿಯ ಕೆಂಪು ಮಣ್ಣನ್ನು ನನ್ನ ಅಂಗೈಯಲ್ಲಿ ಸುರಿದರು. ಕುಸ್ತಿಗೆ ಮೊದಲು ಎದುರಾಳಿಯ ಕೈಗೆ ಕಣದ ಮಣ್ಣು ಹಾಕುವುದು ನಮ್ಮ ಪದ್ಧತಿ. ಗಾದಿಯಲ್ಲಿ ಮಣ್ಣೆಲ್ಲಿ ಎಂದು ಊರಿಂದಲೇ ತಂದಿದ್ದರು.

ಗಂಟೆ ಬಡಿಯಿತು. ಖೂನಿ ಪಂಜಾ ಎರಡೂ ಕೈ ಎತ್ತಿ ಗರ್ಜಿಸಿ ನನ್ನತ್ತ ನುಗ್ಗಿದ. ನಾನು ಕಣ್ಣು ಮುಚ್ಚಿ ಮಣ್ಣು ಮುಂದೆ ಹಿಡಿದೆ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಅವನು ನನ್ನ ಅಂಗೈಯ ಹತ್ತಿರ ಬಗ್ಗಿ ನಿಂತಿದ್ದ. ಎಣ್ಣೆ, ಮಜ್ಜಿಗೆ, ಅರಿಷಿಣದ ಆ ವಾಸನೆ ಅವನ ಮೂಗಿಗೆ ಹೋಗಿತ್ತು. ಮಣ್ಣನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಹಣೆಗೆ ಹಚ್ಚಲು ಹೋದ, ಮುಸುಕು ಅಡ್ಡ ಬಂತು. ಮುಸುಕು ಕಿತ್ತೊಗೆದು ಮಣ್ಣು ಹಚ್ಚಿಕೊಂಡ. ಹಗ್ಗ ದಾಟಿ ಇಳಿದುಹೋಗಿ ಮಾವನವರ ಕಾಲಿನ ಮೇಲೆ ಉದ್ದಕ್ಕೆ ಬಿದ್ದ.

ಮಾವನವರು ಒದೆಯುತ್ತಾರೆ ಎಂದು ನಾನು ತಿಳಿದೆ. ಅವರು ಬಗ್ಗಿ, ಆ ಆನೆಯಂಥವನ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಎಷ್ಟ ಸೊರಗೀದ್ಯೋ ಸಿದ್ದ್ಯಾ. ಹೊಟ್ಟಿಗೆ ಹಾಕೂದಿಲ್ಲೇನ್ಲೇ ಇವರು?"

ಎಲ್ಲರೂ ಅತ್ತ ಓಡಿದರು, ಶಾಂತವ್ವ ಕೂಡ. ನಾನೊಬ್ಬನೇ ಗಾದಿಯ ಮೇಲೆ ಮಣ್ಣು ಹಿಡಿದುಕೊಂಡು ನಿಂತಿದ್ದೆ. ಐದು ನಿಮಿಷವಾಯಿತೆಂದು ಗಂಟೆ ಬಡಿಯಿತು. ನಿಯಮದ ಪ್ರಕಾರ ನಾನು ಗೆದ್ದಿದ್ದೆ. ಮ್ಯಾನೇಜರ್ ಬೈಯುತ್ತಲೇ ನನ್ನ ಕೈ ಎತ್ತಿದ. ನೋಡುವವರು ಯಾರೂ ಇರಲಿಲ್ಲ.

ಸಿದ್ದರಾಮ ಕಂಪನಿ ಬಿಟ್ಟು ಬಬಲೇಶ್ವರದಲ್ಲೇ ಉಳಿದ, ಗರಡಿ ಮತ್ತೆ ನಡೆಯಿತು. ಕೆಲ ದಿನಗಳ ಮೇಲೆ ಧೈರ್ಯ ಮಾಡಿ ಮಾವನವರನ್ನು ಕೇಳಿದೆ, ಮುಸುಕಿನೊಳಗಿದ್ದವನು ಅವನೆಂದು ನಿಮಗೆ ಯಾವಾಗ ತಿಳಿಯಿತು ಎಂದು. ಅವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ಏಳು ಸಮುದ್ರದಾಚೆ ಯಾರ್ರಿ ಮೊಣಕೈ ಹಿಡದ ಕೈ ಕೊಡ್ತಾರ? ಅದು ನಾ ಕಲಿಸಿದ್ದು. ಅವ ನಿಮಗ ಕೈ ಕೊಟ್ಟಾಗ ಗೊತ್ತಾತು."

ಅಂದರೆ ಮೊದಲ ದಿನವೇ! ನನ್ನ ಕೂದಲೂ ಕೊಂಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ವಾರವಿಡೀ ನನ್ನನ್ನು ಬೇಯಿಸಿದರು, ಬೈಠಕ್ ಹೊಡೆಸಿದರು, ನನ್ನ ಸಾವನ್ನು ನನ್ನ ಕೈಯಲ್ಲೇ ಟೈಪ್ ಮಾಡಲು ಬಿಟ್ಟರು. ಶಿಷ್ಯನಿಗೆ ಮಣ್ಣು ಮುಟ್ಟಿಸಲು ಅವರಿಗೊಂದು ಕೈ ಬೇಕಿತ್ತು, ನನ್ನದು ಪುಕ್ಕಟೆ ಸಿಕ್ಕಿತ್ತು. ಇಡೀ ಪ್ರಸಂಗದಲ್ಲಿ ನಿಜವಾಗಿ ಕೈ ಕೊಟ್ಟವರು ಮಾವನವರು.

ಈಗ ಉಳಿದಿರುವುದು ಒಂದೇ ಸಂಶಯ. ಮೊಣಕೈ ಹಿಡಿದು ಕೈ ಕೊಡುವ ಪದ್ಧತಿ ಶಾಂತವ್ವನಿಗೂ ಚಿಕ್ಕಂದಿನಿಂದ ಗೊತ್ತು. ಆ ಮೊದಲ ರವಿವಾರ ಆಕೆಯೂ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದಳು. ಹಾಗಾದರೆ ಬುಧವಾರ ನನ್ನ ಚೀಲದ ಮುಂದೆ ನಿಂತು ಆ ಮಾತು ಹೇಳುವಾಗ ಮುಸುಕಿನೊಳಗೆ ಯಾರೆಂದು ಆಕೆಗೆ ತಿಳಿದಿತ್ತೇ, ಇಲ್ಲವೇ? ಮಾವನವರು ತೀರಿಹೋದರು, ಸಿದ್ದರಾಮನಿಗೆ ಮೊಮ್ಮಕ್ಕಳಾದವು. ಶಾಂತವ್ವ ಈಗಲೂ ಟೀವಿಯ ಮುಂದೆ ಮೊಮ್ಮಗಳ ಪಕ್ಕದಲ್ಲಿ ಕುಳಿತು, ಮುಸುಕಿನವರು ಕೈ ಚಾಚಿದ ಕೂಡಲೇ ಏಳುವ ನನ್ನ ಕಡೆ ನೋಡಿ ನಗುತ್ತಾಳೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಕೇಳಿಲ್ಲ. ಕೇಳಲು ಹೆದರಿಕೆ.